ಗಾಡಿ ಹಿಂದಕ್ಕೆ ತೆಗೆಯುವಾಗ

ಆರ್ಡಿತ್ ವಾಸ್ ಕೈ ಕುಲುಕಿದರೆ ಎದುರಿನವರು ಬಿಡಿಸಿಕೊಂಡ ಮೇಲೆ ತಮ್ಮ ಕೈಯನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಎಪ್ಪತ್ತೆರಡು ವರ್ಷದ ಹೆಂಗಸಿನ ಹಿಡಿತ ಅದಲ್ಲ. ಐಯೋವಾದ ಹಂದಿ ಕಡಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಕೈ ಅದು. ಕೊಕ್ಕೆಗೆ ತಲೆಕೆಳಗಾಗಿ ತೂಗಿಕೊಂಡು ನಿಮಿಷಕ್ಕೆ ಹದಿನೇಳು ಹಂದಿ ಅವಳ ಎದುರು ಹಾಯುತ್ತಿದ್ದವು. ಪ್ರತಿಯೊಂದರ ಕುತ್ತಿಗೆಗೂ ಒಂದೇ ಸಲಕ್ಕೆ ಚೂರಿ ಇಳಿಸುವುದು ಅವಳ ಕೆಲಸ, ಎರಡನೇ ಸಲಕ್ಕೆ ಸಮಯವಿರುತ್ತಿರಲಿಲ್ಲ. ಸಂಜೆ ಎಷ್ಟು ಸೋಪು ಹಚ್ಚಿ ಉಜ್ಜಿದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಬಲಗೈಯ ಕಿರುಬೆರಳಿನ ಅರ್ಧ ಆ ಕಾರ್ಖಾನೆಯ ನೆಲದಲ್ಲೇ ಉಳಿಯಿತು.

ಏಟು ಅವಳಿಗೆ ಹೊಸದಲ್ಲ. ಅಪ್ಪ ಬೆಲ್ಟು ಬಿಚ್ಚಿದರೆ ಬಕಲ್ ಇರುವ ಕಡೆಯಿಂದಲೇ ಬೀಸುತ್ತಿದ್ದ. ಹತ್ತೊಂಬತ್ತನೇ ವಯಸ್ಸಿಗೆ ಕಟ್ಟಿಕೊಂಡ ಮೊದಲ ಗಂಡ ಲೈಲ್ ಬೆಲ್ಟು ಬಿಚ್ಚುವ ತಾಪತ್ರಯವನ್ನೂ ಇಟ್ಟುಕೊಳ್ಳಲಿಲ್ಲ, ಅವನಿಗೆ ಮುಷ್ಟಿಯೇ ಸಾಕಿತ್ತು. ಮೂರು ವರ್ಷದಲ್ಲಿ ಅವಳ ದವಡೆ ಒಂದು ಸಲ, ಎಡಗೈ ಎರಡು ಸಲ ಮುರಿಯಿತು. ನಾಲ್ಕನೆಯ ವರ್ಷ, ಕ್ರಿಸ್‌ಮಸ್‌ಗೆ ಇನ್ನು ನಾಲ್ಕು ದಿನ ಇರುವಾಗ, ಲೈಲ್ ಅವಳ ಕೂದಲು ಹಿಡಿದು ಮುಖವನ್ನು ಉರಿಯುವ ಒಲೆಯ ಕಡೆಗೆ ಬಗ್ಗಿಸಿದ. ಅವಳ ಕೈಗೆ ಸಿಕ್ಕಿದ್ದು ಕಬ್ಬಿಣದ ಬಾಣಲೆ. ಅವನು ನೆಲಕ್ಕೆ ಬಿದ್ದ ಮೇಲೆ ಉಸಿರಿದೆಯೋ ಇಲ್ಲವೋ ಎಂದು ಕೂಡ ನೋಡದೆ ಕೋಟು ಹಾಕಿಕೊಂಡು ಹಿಮದಲ್ಲಿ ಆರು ಮೈಲಿ ನಡೆದುಹೋದಳು. ಲೈಲ್ ಬದುಕಿದ್ದ. ಅಂಥವನು ಅಷ್ಟಕ್ಕೆಲ್ಲ ಸಾಯುತ್ತಾನೆಯೇ?

ಆಮೇಲೆ ಸಿಕ್ಕವನು ಮರ್ಲ್. ಧಾನ್ಯದ ಲಾರಿ ಓಡಿಸುತ್ತಿದ್ದ; ನೊಣ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ. ಮದುವೆಯಾದ ಹೊಸತರಲ್ಲಿ ಅವನು ಉಪ್ಪಿನ ಡಬ್ಬಿಗೆ ಕೈ ಚಾಚಿದರೂ ಆರ್ಡಿತ್ ತಲೆ ತಗ್ಗಿಸಿಬಿಡುತ್ತಿದ್ದಳು. ಅದನ್ನು ಗಮನಿಸಿದ ಮರ್ಲ್ ಒಂದು ಅಭ್ಯಾಸ ಮಾಡಿಕೊಂಡ. ಅವಳ ಹತ್ತಿರ ಕೈ ಎತ್ತುವ ಮೊದಲು, "ಉಪ್ಪು ತಗೋತೀನಿ ಆರ್ಡಿ" ಎಂದು ಹೇಳಿಯೇ ಎತ್ತುವುದು. ಯಾಕೆ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನಲವತ್ತೈದು ವರ್ಷದಿಂದ, ಬೆನ್ನು ತಿರುಗಿಸಿ ಕೂತರೂ ಭಯವಿಲ್ಲ ಎನಿಸುವ ಗಂಡಸು ಅವಳಿಗೆ ಈ ಭೂಮಿಯ ಮೇಲೆ ಇವನೊಬ್ಬನೇ.

ಇಬ್ಬರೂ ನಿವೃತ್ತರಾದ ವರ್ಷವೇ ಮನೆ ಮಾರಿ, ಪಿಕಪ್‌ನ ಹಿಂದೆ ಎಳೆದೊಯ್ಯುವ ಗಾಡಿಮನೆಯೊಂದನ್ನು ಕೊಂಡರು. ಹಾಸಿಗೆ, ಒಲೆ, ಕಕ್ಕಸು ಎಲ್ಲ ಮೂವತ್ತು ಅಡಿಯೊಳಗೆ. ನವೆಂಬರ್‌ನಲ್ಲಿ ಐಯೋವಾದ ನೆಲ ಗಟ್ಟಿಯಾಗುವ ಮೊದಲೇ ಹೊರಟು ಅರಿಜೋನಾದ ಮರುಭೂಮಿಗೆ ಬಂದು, ಕ್ವಾರ್ಟ್ಸೈಟ್ ಊರಾಚೆಯ ಸರ್ಕಾರಿ ಬಯಲಿನಲ್ಲಿ ಬಿಡಾರ ಹೂಡುತ್ತಿದ್ದರು. ಅಲ್ಲಿ ನಲ್ಲಿಯಿಲ್ಲ, ಕರೆಂಟಿನ ಕಂಬವಿಲ್ಲ. ಹತ್ತು ದಿನಕ್ಕೊಮ್ಮೆ ಗಾಡಿಮನೆಯನ್ನೇ ಊರಿಗೆ ಒಯ್ದು ಕೊಳಚೆ ತೊಟ್ಟಿ ಖಾಲಿ ಮಾಡಿ, ನೀರು ತುಂಬಿಸಿಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಬೇಕು. ಸಂಜೆ ನಾಲ್ಕಾದರೆ ಎಲ್ಲರೂ ತಂತಮ್ಮ ಕುರ್ಚಿ, ತಂತಮ್ಮ ಲೋಟ ಹಿಡಿದು ಕಲ್ಲು ಜೋಡಿಸಿದ ಬೆಂಕಿಗುಂಡಿಯ ಸುತ್ತ ಸೇರುತ್ತಾರೆ.

ಇವರ ಗುಂಡಿಯ ಸುತ್ತ ಮೂರು ಬಿಡಾರ. ಒಂದು ಇವರದು. ಇನ್ನೊಂದು ಎಂಬತ್ತರ ವಿಧುರ ವೆಂಡೆಲ್‌ನ ಪುಟ್ಟ ಗಾಡಿ. ಮೂರನೆಯದು ಡ್ವೇನ್ ಮತ್ತು ಗ್ಲೆಂಡಾ ಕೆಟಲ್ಸನ್ ದಂಪತಿಯದು, ಬಸ್ಸಿನಷ್ಟು ಉದ್ದದ್ದು, ಇಂಜಿನ್ನೂ ಅದರಲ್ಲೇ; ಅದನ್ನು ಎಲ್ಲರೂ ಬಸ್ಸೆಂದೇ ಕರೆಯುತ್ತಿದ್ದರು. ಡ್ವೇನ್ ಮತ್ತು ಮರ್ಲ್ ಮೂವತ್ತು ವರ್ಷ ಒಟ್ಟಿಗೆ ಲಾರಿ ಓಡಿಸಿದವರು. ಒಂದು ಜನವರಿಯಲ್ಲಿ ಮರ್ಲ್‌ನ ಲಾರಿ ಮಂಜುಗಡ್ಡೆಯ ಮೇಲೆ ಜಾರಿ ಮಗುಚಿ ಬೆಂಕಿ ಹತ್ತಿಕೊಂಡಾಗ, ಹಿಂದಿನ ಲಾರಿಯಿಂದ ಹಾರಿ ಬಂದು ಗಾಜು ಒಡೆದು ಅವನನ್ನು ಎಳೆದು ಹಾಕಿದವನು ಡ್ವೇನ್. ಅವನ ಎರಡೂ ಮುಂಗೈಯ ಮೇಲೆ ಇವತ್ತಿಗೂ ಸುಟ್ಟ ಚರ್ಮ ಸುಕ್ಕುಗಟ್ಟಿ ನಿಂತಿದೆ. ನಾಲ್ಕು ವರ್ಷದ ಹಿಂದೆ ಡ್ವೇನ್ ಮರುಭೂಮಿಗೆ ಬಂದ ದಿನ ಮರ್ಲ್ ಮಗುವಿನಂತೆ ಕುಣಿದಿದ್ದ.

ಈ ಬಯಲಿನವರಿಗೆ ಬರೆದಿಡದ ಕಾನೂನು ಒಂದಿದೆ. ಗಾಡಿಮನೆಯ ಗೋಡೆ ರಟ್ಟಿನಷ್ಟು ತೆಳು. ಪಕ್ಕದವರು ಕೆಮ್ಮಿದರೆ ಕೇಳುತ್ತದೆ, ಹೂಸು ಬಿಟ್ಟರೂ ಕೇಳುತ್ತದೆ. ಆದ್ದರಿಂದ ಗೋಡೆಯಾಚೆ ಕೇಳಿದ್ದು ಕೇಳಿಲ್ಲವೆಂದೇ ಲೆಕ್ಕ. ಮಾರನೆಯ ದಿನ ಅದರ ಬಗ್ಗೆ ಮಾತಿಲ್ಲ, ಮುಖದಲ್ಲೂ ಸುಳಿವಿಲ್ಲ. ಹಾಗಿಲ್ಲದಿದ್ದರೆ ಇಷ್ಟು ಹತ್ತಿರ ಹತ್ತಿರ ಬದುಕಲಿಕ್ಕಾಗುವುದಿಲ್ಲ ಎನ್ನುತ್ತಾರೆ. ದೊಡ್ಡ ಮರ್ಯಾದಸ್ಥರ ಕಾನೂನು. ಯಾರನ್ನು ಕಾಪಾಡಲಿಕ್ಕೆ ಇದನ್ನು ಮಾಡಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಮರುಭೂಮಿಯಲ್ಲಿ ಗಾಳಿ ಎದ್ದ ದಿನ ಮಧ್ಯಾಹ್ನವೆಲ್ಲ ಬಾಗಿಲು ಮುಚ್ಚಿ ಒಳಗೇ ಕೂರಬೇಕು. ಆಗ ಡ್ವೇನ್‌ಗೆ ಕೈ ತುರಿಸುತ್ತಿತ್ತು. ಮೊದಲು ಅವನ ಬೈಗುಳ, ಆಮೇಲೆ ಕಪಾಟಿನ ಬಾಗಿಲಿಗೆ ಏನೋ ಬಡಿದ ಸದ್ದು, ಆಮೇಲೆ ಗ್ಲೆಂಡಾಳ ಕೂಗು. ಮೊದಲ ಸಲ ಕೇಳಿದಾಗ ಆರ್ಡಿತ್ ಎದ್ದು ಬಾಗಿಲಿನ ಹಿಡಿಗೆ ಕೈ ಹಾಕಿದ್ದಳು. "ಅವರ ಮನೆ ವಿಷಯ ಆರ್ಡಿ," ಎಂದಿದ್ದ ಮರ್ಲ್, ಕೈಯಲ್ಲಿದ್ದ ಪದಬಂಧದಿಂದ ಕಣ್ಣೆತ್ತದೆ. "ನಾವು ಹೋದ್ರೆ ಅವಳಿಗೇ ಅವಮಾನ." ಆರ್ಡಿತ್ ಹಿಡಿ ಬಿಟ್ಟು ಬಂದು ಕೂತಳು. ಬಾಣಲೆ ಎತ್ತಿದ್ದ ಹೆಂಗಸು ಟಿವಿಯ ರಿಮೋಟು ಎತ್ತಿ ಸದ್ದು ಜಾಸ್ತಿ ಮಾಡಿದಳು. ನಾಲ್ಕು ಚಳಿಗಾಲ ಹೀಗೇ ಕಳೆಯಿತು. ಗ್ಲೆಂಡಾ ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಂಡು ನಾಲ್ಕು ಗಂಟೆಗೆ ಕುರ್ಚಿ ತರುತ್ತಿದ್ದಳು, ತಾನೇ ಮಾಡಿದ ಬೀನ್ಸ್ ಕಾಳಿನ ಗೊಜ್ಜನ್ನೂ ಚಿಪ್ಸನ್ನೂ ಎಲ್ಲರಿಗೂ ಹಂಚುತ್ತಿದ್ದಳು. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು.

ಫೆಬ್ರವರಿಯ ಒಂದು ಸಂಜೆ ಆ ಗ್ಲೆಂಡಾ ಲೋಟ ಕೆಳಗಿಟ್ಟು ಎಲ್ಲರೆದುರು ಹೇಳಿದಳು: "ನಂಗಿದೇ ಕೊನೇ ಚಳಿಗಾಲ ಕಣ್ರಪ್ಪಾ. ಏಪ್ರಿಲ್‌ಗೆ ಓಮಾಹಾಕ್ಕೆ, ತಂಗಿ ಮನೆಗೆ ಹೋಗ್ಬಿಡ್ತೀನಿ. ಡ್ವೇನ್ ಬೇಕಾದ್ರೆ ಬಸ್ಸಿನ ಜೊತೇಲೇ ಸಂಸಾರ ಮಾಡ್ಕೊಳ್ಲಿ."

ವೆಂಡೆಲ್ ತೊಡೆ ತಟ್ಟಿ ನಕ್ಕ. "ಬಸ್ಸಾದ್ರೆ ಎದುರು ಮಾತಾಡಲ್ಲ ಬಿಡು ಡ್ವೇನ್!"

ಎಲ್ಲರೂ ನಕ್ಕರು. ಡ್ವೇನ್ ಎಲ್ಲರಿಗಿಂತ ಜೋರಾಗಿ ನಕ್ಕ, ನಕ್ಕು ಮುಗಿಸಿ ಹೆಂಡತಿಯನ್ನೇ ನೋಡುತ್ತಾ ಕೂತ. ತಮಾಷೆಗೆ ಹೇಳಿದ್ದಲ್ಲ ಎಂದು ಕೇಳಿದ ನಾಲ್ವರ ಪೈಕಿ ತಿಳಿದವನು ಅವನೊಬ್ಬನೇ.

ಮಾರನೆಯ ದಿನ ಕೆಟಲ್ಸನ್‌ರ ಬಸ್ಸು ನೀರಿಗೆ ಹೋಗುವ ದಿನ. ಇಲ್ಲಿ ಒಂದು ಮೋಜು ಹೇಳಬೇಕು. ಊರಿಗೆ ಹೋದ ಗಾಡಿ ವಾಪಸು ಬಂದು ತನ್ನ ಜಾಗಕ್ಕೆ ಹಿಂದಕ್ಕೆ ಸರಿಯುವುದು ಈ ಬಯಲಿನಲ್ಲಿ ನಾಟಕವಿದ್ದಂತೆ. ಗಂಡ ಸ್ಟೀರಿಂಗ್ ಹಿಡಿಯುತ್ತಾನೆ, ಹೆಂಡತಿ ಹಿಂದಿನ ಮೂಲೆಯಲ್ಲಿ ನಿಂತು ಕೈಸನ್ನೆ ಮಾಡುತ್ತಾಳೆ. ಬಾ, ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲು. ಮೂವತ್ತು ವರ್ಷ ಜಗಳವಿಲ್ಲದೆ ಸಂಸಾರ ಮಾಡಿದವರೂ ಆ ಹತ್ತು ನಿಮಿಷದಲ್ಲಿ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಾರೆ. ಅದನ್ನು ನೋಡಲಿಕ್ಕೆ ಉಳಿದವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆದರೆ ಎರಡು ನಿಯಮವನ್ನು ಮಾತ್ರ ಕುಡಿದವನೂ ಮೀರುವುದಿಲ್ಲ. ಸನ್ನೆ ಮಾಡುವವಳು ಕನ್ನಡಿಯಲ್ಲಿ ಕಾಣದಿದ್ದರೆ ಬ್ರೇಕು. ಅವಳು ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದರೂ ಬ್ರೇಕು.

"ಬಂದ್ರು ಬಂದ್ರು, ಕುರ್ಚಿ ತಗೊಳ್ರಪ್ಪಾ!" ಎಂದು ವೆಂಡೆಲ್ ಕೂಗಿದ. ಗಂಟೆ ಮೂರಿರಬಹುದು, ಬಿಸಿಲು ನಿಚ್ಚಳವಾಗಿತ್ತು, ಎಲೆ ಅಲ್ಲಾಡುವಷ್ಟು ಗಾಳಿಯೂ ಇರಲಿಲ್ಲ. ಆರ್ಡಿತ್ ಮತ್ತು ಮರ್ಲ್ ಬಸ್ಸಿನ ಎಡಬದಿಗೆ, ಚಾಲಕನ ಕಿಟಕಿಗೆ ಇಪ್ಪತ್ತು ಅಡಿ ದೂರದಲ್ಲಿ, ತುಸು ಹಿಂದಕ್ಕೆ, ಅಕ್ಕಪಕ್ಕ ಕೂತರು. ವೆಂಡೆಲ್ ತನ್ನ ಗಾಡಿಯ ನೆರಳು ಬಿಟ್ಟು ಬರಲಾರದೆ ಆಚೆ ಬದಿಯಲ್ಲೇ ಉಳಿದ.

"ಎಷ್ಟು ಸಲ ಹಿಂದೆಮುಂದೆ ಆಗುತ್ತೆ? ನಾನು ಐದು ಅಂತೀನಿ," ಎಂದಳು ಆರ್ಡಿತ್.

"ಪಾಪ, ಮೂರು," ಎಂದ ಮರ್ಲ್.

ಗ್ಲೆಂಡಾ ಇಳಿದು ಹಿಂದಕ್ಕೆ ನಡೆದಳು. ಅವರ ಜಾಗದ ಹಿಂಬದಿಯ ಎಡ ಮೂಲೆಗೆ ಒಂದು ಮುದಿ ಮರುಭೂಮಿ ಮರ, ಕೊಡಲಿಗೂ ಬಗ್ಗದಂಥದ್ದು. ಅದಕ್ಕೆ ಬೆನ್ನು ಮಾಡಿ ನಿಂತು ಕೈ ಬೀಸಿದಳು. ಬಸ್ಸಿನ ಹಿಂದಿನ ಕ್ಯಾಮೆರಾ ಎರಡು ವರ್ಷದಿಂದ ಕೆಟ್ಟಿತ್ತು, ಪಕ್ಕದ ಕನ್ನಡಿಯೇ ಗತಿ. ಕೈ ಚಾಚಿದಷ್ಟು ಉದ್ದದ ಆ ಕನ್ನಡಿಯಲ್ಲಿ ಆರ್ಡಿತ್‌ಗೆ ಡ್ವೇನ್‌ನ ಮುಖ ಇಡಿಯಾಗಿ ಕಾಣುತ್ತಿತ್ತು. ಬಸ್ಸು ಸರಿಯಿತು. ಒಂದೇ ಸಲಕ್ಕೆ ನೇರವಾಗಿ ಬಂತು. ಗ್ಲೆಂಡಾ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದಳು.

ಬಸ್ಸು ನಿಲ್ಲಲಿಲ್ಲ. ಡ್ವೇನ್ ಕನ್ನಡಿಯನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯಲಿಲ್ಲ, ಹಲ್ಲು ಕಚ್ಚಲಿಲ್ಲ. ಇಂಜಿನ್ನಿನ ದನಿ ಮಾತ್ರ ಒಂದಿಷ್ಟು ಏರಿತು. ಹಸಿ ಕೊಂಬೆ ಮುರಿದಂಥ ಸದ್ದು ಬಂತು, ಅದರ ಹಿಂದೆಯೇ ಗ್ಲೆಂಡಾಳ ಕಿರುಚು. ಆ ಕಿರುಚಿನ ಮೇಲೂ ಬಸ್ಸು ಇನ್ನೊಂದು ಗೇಣು ಹಿಂದಕ್ಕೆ ಒತ್ತಿತು. ವೆಂಡೆಲ್ ಆಚೆ ಬದಿಯಿಂದ "ನಿಲ್ಸೋ! ನಿಲ್ಸೋ ದರಿದ್ರದವನೇ!" ಎಂದು ಬೊಬ್ಬೆ ಹೊಡೆದ ಮೇಲೆ ಡ್ವೇನ್ ಬಸ್ಸನ್ನು ಮುಂದಕ್ಕೆ ತೆಗೆದ. ಗ್ಲೆಂಡಾ ಮರದ ಬುಡಕ್ಕೆ ಮೂಟೆಯಂತೆ ಕುಸಿದಳು.

ಮೊದಲು ಓಡಿದವಳು ಆರ್ಡಿತ್. ಗ್ಲೆಂಡಾಳ ಬಲಗಾಲು ಮಂಡಿಯ ಮೇಲೆ ತಪ್ಪು ದಿಕ್ಕಿಗೆ ತಿರುಗಿತ್ತು, ಪ್ಯಾಂಟು ಹರಿದು ಬಿಳಿ ಎಲುಬು ಆಚೆ ಬಂದಿತ್ತು, ತೊಡೆಯಿಂದ ರಕ್ತ ಎದೆ ಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ರಕ್ತ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಆರ್ಡಿತ್‌ಗಿಂತ ಚೆನ್ನಾಗಿ ಬಲ್ಲವರು ಆ ಬಯಲಿನಲ್ಲಿರಲಿಲ್ಲ. ತೊಡೆಸಂದಿಗೆ ಮುಷ್ಟಿಯಿಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಹೆಲಿಕಾಪ್ಟರ್ ಬರುವವರೆಗೆ ನಲವತ್ತು ನಿಮಿಷ ಮುಷ್ಟಿ ತೆಗೆಯಲಿಲ್ಲ. ಡ್ವೇನ್ ಮಣ್ಣಿನಲ್ಲಿ ಮಂಡಿಯೂರಿ, "ಕಾಣಿಸ್ಲಿಲ್ಲ, ನಂಗೆ ಕಾಣಿಸ್ಲೇ ಇಲ್ಲ" ಎಂದು ಗೋಳಿಡುತ್ತಿದ್ದ. ಮರ್ಲ್ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ತಾನೂ ಅಳುತ್ತಿದ್ದ.

ಶೆರಿಫ್ ಕಚೇರಿಯಿಂದ ಬಂದ ಡೆಪ್ಯುಟಿಯ ಹೆಸರು ಸಲಾಸ್, ಐವತ್ತರ ಹತ್ತಿರದ ಹೆಂಗಸು. ಒಬ್ಬೊಬ್ಬರನ್ನೇ ಕರೆದು ಕೇಳಿ ಬರೆದುಕೊಂಡಳು. ವೆಂಡೆಲ್ ಆಚೆ ಬದಿಯಲ್ಲಿದ್ದ, ಅವನಿಗೇನೂ ಕಂಡಿರಲಿಲ್ಲ. ಆಮೇಲೆ ವಾಸ್ ದಂಪತಿಯ ಸರದಿ. ಆರ್ಡಿತ್‌ಳ ಮೊಣಕೈವರೆಗೆ ರಕ್ತ ಒಣಗಿ ಬಿರುಕು ಬಿಟ್ಟಿತ್ತು. ಮರ್ಲ್ ಅವಳ ಹಿಂದೆ ನಿಂತು ಹೆಗಲನ್ನು ಮೆಲ್ಲಗೆ ಅದುಮಿದ.

"ನೀವು ಏನ್ ನೋಡಿದ್ರಿ ಮೇಡಂ?"

"ಕಣ್ಣಿಗೆ ಧೂಳು ಬಿತ್ತು," ಎಂದಳು ಆರ್ಡಿತ್. "ಸರಿಯಾಗಿ ಕಾಣಿಸ್ಲಿಲ್ಲ."

ಗಾಳಿಯೇ ಇಲ್ಲದ ದಿನ ಧೂಳು ಎಲ್ಲಿಂದ ಬಂತು? ಸಲಾಸ್ ಒಂದು ಕ್ಷಣ ಅವಳ ಮುಖ ನೋಡಿ ಬರೆದುಕೊಂಡಳು. ಮರ್ಲ್ ತಾನು ಲೋಟಕ್ಕೆ ಬಗ್ಗಿದ್ದೆ ಎಂದ. ಅಪಘಾತ ಎಂದು ಕಾಗದ ಮುಗಿಯಿತು.

ಫೀನಿಕ್ಸ್‌ನ ಆಸ್ಪತ್ರೆಯಲ್ಲಿ ಗ್ಲೆಂಡಾಳ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು, ಸೊಂಟಕ್ಕೆ ಸರಳು ಹಾಕಿದರು. ಡ್ವೇನ್ ದಿನಾ ಎರಡು ಗಂಟೆ ದಾರಿ ಹೋಗಿ ಹೂವು ಕೊಟ್ಟು ಬರುತ್ತಿದ್ದ. ಇಂಥ ಗಂಡ ಯಾರಿಗುಂಟು ಎಂದು ನರ್ಸುಗಳು ಮಾತಾಡಿಕೊಂಡರಂತೆ. ಮೂರು ವಾರ ಆರ್ಡಿತ್‌ಗೆ ಊಟ ಸೇರಲಿಲ್ಲ. ಒಂದು ಸಲ ಮರ್ಲ್‌ಗೆ ಹೇಳಿದಳು: "ಅವ್ನು ಕನ್ನಡಿ ನೋಡ್ತಿದ್ದ ಮರ್ಲ್. ನಾನು ನೋಡ್ದೆ."

"ಬಿಸಿಲು ಹೊಳೆದಿರುತ್ತೆ ಆರ್ಡಿ. ನಿಂಗೆ ಹಳೇದೆಲ್ಲ ಜ್ಞಾಪಕ ಬಂದು ಹಂಗನ್ಸುತ್ತೆ."

ಅವಳು ನಂಬಲು ನೋಡಿದಳು. ಮರ್ಲ್ ಹೇಳಿದ್ದನ್ನು ನಂಬಿ ಅವಳಿಗೆ ನಲವತ್ತೈದು ವರ್ಷದ ರೂಢಿ. ಆದರೆ ಬುಧವಾರ ಡ್ವೇನ್ ಬಂದು, ಶುಕ್ರವಾರ ಗ್ಲೆಂಡಾಳನ್ನು ಬಿಡುತ್ತಾರಂತೆ, ಬಸ್ಸಿಗೆ ಕರೆತರುತ್ತೇನೆ ಎಂದಾಗ ಅವಳು ಪಿಕಪ್‌ನ ಕೀಲಿ ಎತ್ತಿಕೊಂಡಳು. ಒಬ್ಬಳೇ ಪಿಕಪ್ ಹತ್ತಿ ಫೀನಿಕ್ಸ್‌ಗೆ ಹೋದಳು.

ಗ್ಲೆಂಡಾ ಮಲಗಿದ್ದಲ್ಲಿಂದಲೇ ಕೇಳಿದಳು: "ಆ ಡೆಪ್ಯುಟಿಗೆ ಏನಂದೆ?"

"ಕಣ್ಣಿಗೆ ಧೂಳು ಬಿತ್ತು ಅಂದೆ."

"ನಾನು ಕಾಲು ಜಾರ್ತು ಅಂದೆ. ಅವನು ಪಕ್ಕದಲ್ಲೇ ಕೂತಿದ್ದ, ಕೈ ಹಿಡ್ಕೊಂಡು." ಗ್ಲೆಂಡಾ ಚಾವಣಿ ನೋಡುತ್ತಿದ್ದಳು. "ಎರಡೂ ಕೈ ಅಡ್ಡ ಹಿಡ್ದಿದ್ದೆ ಆರ್ಡಿತ್. ನಾನು ಅವನ ಕಣ್ಣು ನೋಡ್ತಿದ್ದೆ, ಅವನು ನನ್ನ ಕಣ್ಣು ನೋಡ್ತಿದ್ದ."

"ಹಂಗಂತ ಹೇಳು ಅವ್ರಿಗೆ!"

"ನಾನೊಬ್ಳು ಹೇಳಿದ್ರೆ ಯಾರು ನಂಬ್ತಾರೆ? ಔಷಧಿ ಮಂಪರು ಅಂತಾನೆ. ಹೇಳಿ ಆಮೇಲೆ ಅವನ ಜೊತೆಗೇ ಕಳಿಸಿದ್ರೆ? ಇನ್ಮೇಲೆ ಕಕ್ಕಸಿಗೆ ಹೋಗೋಕೂ ಅವನೇ ಎತ್ಬೇಕು ನನ್ನನ್ನ. ಎತ್ತೋನು ಬೀಳಿಸೋಕೆ ಎಷ್ಟು ಹೊತ್ತು? ಈ ಸಲ ಉಳ್ದೆ. ಮುಂದಿನ ಸಲ ಉಳಿಯಲ್ಲ."

ಆರ್ಡಿತ್ ಅವಳ ಕೈ ಹಿಡಿಯಲು ಹೋದಳು. ಗ್ಲೆಂಡಾ ಕೈ ಎಳೆದುಕೊಂಡಳು.

"ನಾಲ್ಕು ವರ್ಷ ಆಯ್ತು," ಎಂದಳು. "ಗೋಡೆ ಎಷ್ಟು ತೆಳು ಅಂತ ನಂಗೂ ಗೊತ್ತು ಕಣೇ. ನಾನು ಕೂಗ್ತಿದ್ದಿದ್ದು ಅವನಿಗೆ ಕೇಳ್ಲಿ ಅಂತಲ್ಲ."

ಆರ್ಡಿತ್‌ಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಕ್ಷಮಿಸು ಎನ್ನಲೂ ಅವಳಿಗೆ ಮುಖವಿರಲಿಲ್ಲ.

ಗುರುವಾರ ನಾಲ್ಕು ಗಂಟೆ. ಬೆಂಕಿಗುಂಡಿಯ ಪಕ್ಕದಲ್ಲಿ ಡ್ವೇನ್, ವೆಂಡೆಲ್, ಮರ್ಲ್ ಮೂವರೂ ಸೇರಿ ಗಾಲಿಕುರ್ಚಿ ಹತ್ತಿಸಲು ಬಸ್ಸಿನ ಬಾಗಿಲಿಗೆ ಹಲಗೆಯ ಇಳಿಜಾರು ಕಟ್ಟುತ್ತಿದ್ದರು. ಮರ್ಲ್ ಸುತ್ತಿಗೆ ಬೀಸುತ್ತಿದ್ದ, ಡ್ವೇನ್ ಹಲಗೆ ಹಿಡಿದು ಶಿಳ್ಳೆ ಹೊಡೆಯುತ್ತಿದ್ದ. ಆರ್ಡಿತ್ ಕುರ್ಚಿ ತರಲಿಲ್ಲ. ನೇರ ಬಂದು ಅವನೆದುರು ನಿಂತಳು.

"ನಾಳೆ ಅವಳು ಇಲ್ಲಿಗೆ ಬರಲ್ಲ ಡ್ವೇನ್. ನೀನು ಬೇಕೂಂತ ಮಾಡ್ದೆ. ಕನ್ನಡೀಲಿ ನಿನ್ನ ಮುಖ ನೋಡಿದೀನಿ ನಾನು."

ಶಿಳ್ಳೆ ನಿಂತಿತು. ವೆಂಡೆಲ್ ಕುರ್ಚಿಯಲ್ಲಿ ಕೂತಲ್ಲೇ ಕೈಯಲ್ಲಿದ್ದ ಮೊಳೆ ಕೆಳಗಿಟ್ಟ.

"ಏನಂದೆ ಮುದುಕಿ?"

"ಕಿವುಡಾ? ಹೆಂಡ್ತೀನ ಅರೆದು ಹಾಕ್ದೆ ಅಂದೆ. ಇವತ್ತೇ ಡೆಪ್ಯುಟಿ ಹತ್ರ ಹೋಗಿ ಹೇಳ್ತೀನಿ."

ಡ್ವೇನ್ ಮರ್ಲ್‌ನ ಕಡೆಗೆ ತಿರುಗಿದ. "ಮರ್ಲ್, ನಿನ್ನ ಹೆಂಡ್ತಿಗೆ ಬಾಯಿ ಮುಚ್ಕೊಳ್ಳೋಕೆ ಹೇಳು."

ಮರ್ಲ್ ಹಲಗೆ ನೋಡುತ್ತಿದ್ದ.

"ಹೆದರ್ಸೋಕೆ ನಾನು ಗ್ಲೆಂಡಾ ಅಲ್ಲ ಕಣೋ," ಎಂದಳು ಆರ್ಡಿತ್. "ನಿನ್ನಂಥೋನ ತಲೆ ಒಡೆದು ಬಂದಿರೋಳು."

ಡ್ವೇನ್ ಬೆಂಕಿ ಕೆದಕುವ ಸರಳನ್ನು ಯಾವಾಗ ಎತ್ತಿಕೊಂಡನೋ ಯಾರಿಗೂ ಕಾಣಲಿಲ್ಲ. ಆರ್ಡಿತ್ ತಲೆಗೆ ಅಡ್ಡವಾಗಿ ಎಡಗೈ ಎತ್ತಿದಳು, ಸರಳು ಮೊಣಕೈ ಕೆಳಗೆ ಬಿತ್ತು. ಎಲುಬು ಮುರಿದದ್ದು ಅವಳಿಗೆ ನೋವಿಗಿಂತ ಮೊದಲು ಕಿವಿಗೆ ಕೇಳಿತು. ಎರಡನೆಯ ಏಟು ಹೆಗಲಿಗೆ ಬಿತ್ತು, ಅವಳು ಬೂದಿಯ ಪಕ್ಕಕ್ಕೆ ಬಿದ್ದಳು. ಬಿದ್ದವಳು ಸುಮ್ಮನಿರಲಿಲ್ಲ, ಅವನ ಕಾಲು ಹಿಡಿದು, ಹಂದಿಯ ಕಾಲು ತಿರುಚುವ ಹಾಗೆ ತಿರುಚಿದಳು. ಅವನು ಬಸ್ಸಿನ ಮೆಟ್ಟಿಲಿಗೆ ಮೂತಿ ಬಡಿದುಕೊಂಡು ಬಿದ್ದ, ಬಾಯಿಯ ರಕ್ತ ಉಗಿದು ಮತ್ತೆ ಸರಳಿಗೆ ಕೈ ಹಾಕಿದ.

"ಕೈ ತೆಗಿ ಡ್ವೇನ್." ವೆಂಡೆಲ್ ಕೂತ ಕುರ್ಚಿಯಿಂದ ಏಳಲಿಲ್ಲ. ಯಾವಾಗಲೂ ಸೊಂಟದಲ್ಲಿರುತ್ತಿದ್ದ ಪಿಸ್ತೂಲು ಈಗ ಅವನ ಕೈಯಲ್ಲಿತ್ತು. "ನಂಗೆ ಎಂಬತ್ತಾಯ್ತು, ಕೈ ನಡುಗುತ್ತೆ. ಕಾಲಿಗೆ ಅಂತ ಹೊಡೆದ್ರೆ ಹೊಟ್ಟೆಗೆ ಬಿದ್ದೀತು. ಮಲ್ಕೋ."

ಡ್ವೇನ್ ಮಲಗಿದ. ಅಷ್ಟೂ ಹೊತ್ತು ಮರ್ಲ್ ಹಲಗೆಯ ಪಕ್ಕದಲ್ಲಿ ನಿಂತೇ ಇದ್ದ. ಅವನ ಕೈಯಲ್ಲಿ ಸುತ್ತಿಗೆ ಇತ್ತು.

ಸಲಾಸ್ ಬಂದು ಡ್ವೇನ್‌ಗೆ ಕೋಳ ಹಾಕಿದಳು. ಆರ್ಡಿತ್ ಮೊದಲ ಸಲದ ಸುಳ್ಳನ್ನು ಸುಳ್ಳೆಂದು ಒಪ್ಪಿ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸಲಾಸ್ ಪುಸ್ತಕ ಮುಚ್ಚಿ ನಿಟ್ಟುಸಿರಿಟ್ಟಳು.

"ನಿಮ್ಮ ಕೈ ಮುರಿದಿದ್ದಕ್ಕೆ ಒಳಗೆ ಹಾಕ್ತೀನಿ. ಆದ್ರೆ ಜಾಮೀನು ಸಿಗುತ್ತೆ, ನಾಳೆ ಹೊರಗಿರ್ತಾನೆ. ಕಾಲಿನ ವಿಷಯಕ್ಕೆ ಹಿಡಿದಿಟ್ಕೋಬೇಕು ಅಂದ್ರೆ ಬರೀ ನಿಮ್ಮ ಮಾತು ಸಾಕಾಗಲ್ಲ ಮೇಡಂ. ಮೂರು ವಾರದ ಹಿಂದೆ ನೀವೇ ಕಾಣಿಸ್ಲಿಲ್ಲ ಅಂದಿದ್ರಿ, ಅವಳೂ ಜಾರ್ತು ಅಂದಿದಾಳೆ. ನೋಡಿದವರು ಇನ್ನೊಬ್ರು ಬೇಕು."

ಮರ್ಲ್ ಆಗಲೂ ಬಾಯಿ ಬಿಡಲಿಲ್ಲ. ಹೆಂಡತಿಯ ಕೈಗೆ ಟವೆಲ್ ಸುತ್ತಿ ಪಿಕಪ್ ಹತ್ತಿಸಿ, ಪಾರ್ಕರ್ ಊರಿನ ಆಸ್ಪತ್ರೆಯ ದಾರಿ ಹಿಡಿದ. ಸೂರ್ಯ ಇಳಿಯುತ್ತಿದ್ದ. ಹತ್ತು ಮೈಲಿ ಹೋದ ಮೇಲೆ ಅವನು ಹೇಳಿದ:

"ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ ಆರ್ಡಿ."

"ಗೊತ್ತು."

"ನಂಗೂ ಕಂಡಿತ್ತು."

ಆರ್ಡಿತ್ ಅವನ ಕಡೆ ತಿರುಗಲಿಲ್ಲ. ಹೆಗಲನ್ನು ಮೆಲ್ಲಗೆ ಅದುಮಿದ ಆ ಕೈ, ಬಿಸಿಲು ಹೊಳೆದಿರುತ್ತೆ ಎಂದ ಆ ಮಾತು, ಎಲ್ಲ ಅವನು ಗೊತ್ತಿದ್ದೇ ಮಾಡಿದ್ದು. ಲೈಲ್ ಹೊಡೆದಾಗ ನೋವಾಗಿತ್ತು, ಆಶ್ಚರ್ಯವಾಗಿರಲಿಲ್ಲ. ಇದು ಹೊಡೆತವೇ ಅಲ್ಲ, ಆದರೂ ಮುರಿದ ಕೈಯನ್ನು ಮರೆಸಿಬಿಟ್ಟಿತು.

"ಅವನು ನನ್ನನ್ನ ಬೆಂಕಿಯಿಂದ ಎಳ್ಕೊಂಡು ಬಂದೋನು," ಎಂದ ಮರ್ಲ್. ಅವನ ಕೆನ್ನೆ ಒದ್ದೆಯಾಗಿತ್ತು. "ಅವನ ಕೈ ನೋಡಿದ್ರೆ ನಂಗೆ ಬಾಯೇ ಬರಲ್ಲ. ನಾನೇನ್ ಮಾಡ್ಲಿ?"

"ನಿನ್ನ ಎಳೆದ. ಅದಕ್ಕೆ ಅವಳ ಕಾಲು ಕೊಟ್ಯಾ?"

ಮರ್ಲ್ ತೋಳಿನಿಂದ ಕೆನ್ನೆ ಒರೆಸಿಕೊಂಡ.

"ಗಾಡಿ ತಿರುಗ್ಸು. ಸಲಾಸ್ ಹತ್ರ ಹೋಗು."

"ನಿನ್ನ ಕೈ..."

"ಕೈ ಕಾಯುತ್ತೆ. ನಾಳೆ ಶುಕ್ರವಾರ. ತಿರುಗ್ಸು ಅಂದೆ!"

ಮರ್ಲ್ ತಿರುಗಿಸಿದ. ಕಚೇರಿಯಲ್ಲಿ ಅವನು ಒಂದು ಗಂಟೆ ಕೂತು ಕಂಡದ್ದೆಲ್ಲ ಹೇಳಿದ: ಕನ್ನಡಿ, ಕಣ್ಣು, ಅಡ್ಡ ಹಿಡಿದ ಕೈ, ಏರಿದ ಇಂಜಿನ್ ದನಿ. ಆ ಗಂಟೆಯಷ್ಟೂ ಆರ್ಡಿತ್ ಪಿಕಪ್‌ನಲ್ಲಿ ಮುರಿದ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡ್ವೇನ್‌ಗೆ ಜಾಮೀನು ಸಿಗಲಿಲ್ಲ. ಇಬ್ಬರು ಹೇಳಿದ್ದಾರೆ ಎಂದು ತಿಳಿದ ಮೇಲೆ ಗ್ಲೆಂಡಾಳೂ ಬಾಯಿ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಫೀನಿಕ್ಸ್‌ನ ಆಸ್ಪತ್ರೆಗೆ ಓಮಾಹಾದಿಂದ ಗ್ಲೆಂಡಾಳ ತಂಗಿ ಬಂದಳು, ಅಕ್ಕನಿಗಿಂತ ಕುಳ್ಳಿ, ಮಾತು ಕಮ್ಮಿ. ಗಾಲಿಕುರ್ಚಿಯಿಂದ ಗ್ಲೆಂಡಾಳನ್ನು ಬಾಡಿಗೆ ಕಾರಿನ ಹಿಂದಿನ ಸೀಟಿಗೆ ಹತ್ತಿಸಲು ಮೂವರು ಬೇಕಾದರು. ಗ್ಲೆಂಡಾ ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾದ ಋಣವೂ ಅವಳಿಗಿರಲಿಲ್ಲ. ಒಳಗೆ ಕೂತ ಮೇಲೆ ಆರ್ಡಿತ್‌ಳ ಪಟ್ಟಿ ಸುತ್ತಿದ ಕೈಯನ್ನು ನೋಡಿ, "ದಾರೀಲಿ ನನ್ನನ್ನ ಹಿಡ್ಕೊಳ್ಳೋಕೆ ಒಬ್ರು ಬೇಕು. ಒಂದು ಕೈಯಾದ್ರೂ ಸಾಕು," ಎಂದಳು.

"ಬರ್ತೀನಿ," ಎಂದಳು ಆರ್ಡಿತ್.

ಮರ್ಲ್ ಅವಳ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. "ಹೇಳಿದ್ನಲ್ಲ ಆರ್ಡಿ. ಎಲ್ಲಾ ಹೇಳಿದ್ನಲ್ಲ. ಯಾವಾಗ ಬರ್ತೀಯ?"

ಆರ್ಡಿತ್ ಚೀಲ ತೆಗೆದುಕೊಂಡಳು. ಅವನ ಮೇಲೆ ಅವಳಿಗೆ ಪ್ರೀತಿ ಹೋಗಿರಲಿಲ್ಲ, ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

"ನಾನು ತಿರುಗ್ಸು ಅನ್ನದೇ ಇದ್ದಿದ್ರೆ ಹೋಗ್ತಿದ್ಯಾ ಮರ್ಲ್?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಗ್ಲೆಂಡಾಳ ಪಕ್ಕ ಹತ್ತಿ ಕೂತು, ಒಳ್ಳೆಯ ಕೈಯಿಂದ ಬಾಗಿಲು ಎಳೆದುಕೊಂಡಳು.